ರಿಸೀವರ್ ತನಕ ಎಷ್ಟು ವೋಲ್ಟ್ ಬಂತು? 50 ಸಿಸಿ ಮಾಡೆಲ್ ವಿಮಾನಕ್ಕೆ ಹೊಸ ವೈರಿಂಗ್

ಡಿಸೆಂಬರ್ 28, ಭಾನುವಾರ: ಎರಡು ಸೆಕೆಂಡ್

ಬೆಳಿಗ್ಗೆ ಎಂಟು ಗಂಟೆ. ಮುಳಬಾಗಿಲು ರಸ್ತೆಯಿಂದ ಒಳಗೆ ನಮ್ಮ ನೆಂಟರ ರಾಗಿ ಹೊಲ. ಕಟಾವಾಗಿತ್ತು, ಕೂಳೆ ಒಣಗಿತ್ತು, ಗಾಳಿ ಇರಲಿಲ್ಲ. ಮೊದಲು ನಾವು ಒಣಗಿದ ಕೆರೆ ಅಂಗಳದಲ್ಲಿ ಹಾರಿಸುತ್ತಿದ್ದೆವು. 2018ರಲ್ಲಿ ಕೋಲಾರಕ್ಕೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರಲು ಶುರುವಾದ ಮೇಲೆ ಆ ಕೆರೆಯೂ ತುಂಬಿತು. ಊರಿಗೆ ನೀರು ಬಂದದ್ದು ಒಳ್ಳೆಯದೇ. ನಮಗೆ ಮಾತ್ರ ಬೇಸಿಗೆ ಬರುವ ಮೊದಲಿನ ಎರಡು ಮೂರು ತಿಂಗಳು ಈ ಹೊಲವೇ ಗತಿ.

ವಿಮಾನ 50 ಸಿಸಿ ಪೆಟ್ರೋಲ್ ಎಂಜಿನ್‌ನದು, ನೆಲದಿಂದ ರೇಡಿಯೊದಲ್ಲಿ ನಡೆಸುವಂಥದ್ದು: ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಕಡ್ಡಿ ಅಲ್ಲಾಡಿಸಿದರೆ ವಿಮಾನದೊಳಗಿನ ರಿಸೀವರ್ ಆ ಸಿಗ್ನಲ್ ಹಿಡಿದು, ಸರ್ವೊ ಎಂಬ ಸಣ್ಣ ಮೋಟರ್‌ಗಳ ಮೂಲಕ ರೆಕ್ಕೆ ಮತ್ತು ಬಾಲದ ಹಲಗೆಗಳನ್ನು ತಿರುಗಿಸುತ್ತದೆ. ರೆಕ್ಕೆ ತುದಿಯಿಂದ ತುದಿಗೆ 2.2 ಮೀಟರ್, ತೂಕ ಏಳೂವರೆ ಕೆಜಿ. ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಒಳಗಿನ ವೈರಿಂಗ್ ಎಲ್ಲ ಅವರ ಕಾಲದ್ದೇ. ಅದನ್ನು ಬಿಚ್ಚಿ ನೋಡದೆ ಒಂದು ವರ್ಷ ಹಾರಿಸಿದೆ. ಮೊದಲ ತಪ್ಪು ಅದೇ.

ಮೂರನೇ ಹಾರಾಟ. ಲೂಪ್ ಹಾಕಿ ಕೆಳಗೆ ಬರುವಾಗ ಎಲಿವೇಟರ್ (ಮೂಗು ಏರಿಳಿಸುವ ಬಾಲದ ಹಲಗೆ) ಜೋರಾಗಿ ಎಳೆದೆ, ಜೊತೆಗೇ ಐಲೆರಾನ್ (ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ಕೊಟ್ಟೆ. ವಿಮಾನ ಕೇಳಲಿಲ್ಲ. ಹೇಗಿತ್ತೋ ಹಾಗೇ ಹೋಯಿತು. ಕಡ್ಡಿ ಅಲ್ಲಾಡಿಸಿದರೂ ಏನೂ ಆಗಲಿಲ್ಲ. ಆಮೇಲೆ ಒಂದೇ ಸಲ ಎಲ್ಲ ವಾಪಸ್ ಬಂತು. ಹೊಲದ ಆ ಕಡೆ ಬದುವಿನಲ್ಲಿ ಮೇಕೆ ಮೇಯಿಸುತ್ತಿದ್ದ ಇಬ್ಬರು ಹುಡುಗರು ನಿಂತಿದ್ದರು. ಅವರ ಕಡೆಗೆ ಹೋಗಿರಲಿಲ್ಲ, ಆದರೆ ಹೋಗಬಹುದಿತ್ತು. ಇಳಿಸಿದ ಮೇಲೆ ಹತ್ತು ನಿಮಿಷ ನನ್ನ ಕೈ ನಡುಗುತ್ತಿತ್ತು.

ಅಕ್ಕನ ಮಗ ನನ್ನ ಜೊತೆ ಬರುತ್ತಾನೆ. ಅವನು ಕೇಳಿದ ಮೊದಲ ಮಾತೇ ಕೆಲಸಕ್ಕೆ ಬಂತು.

"ಮಾಮ, ಸಿಗ್ನಲ್ ಹೋದರೆ ಎಂಜಿನ್ ಐಡಲ್‌ಗೆ ಬರಬೇಕಲ್ವಾ? ಸದ್ದು ಬದಲಾಗಲೇ ಇಲ್ಲ."

ಅವನು ಹೇಳಿದ್ದು ಸರಿ. ಫೇಲ್‌ಸೇಫ್‌ನಲ್ಲಿ, ಅಂದರೆ ಸಿಗ್ನಲ್ ಹೋದಾಗ ರಿಸೀವರ್ ತಾನೇ ಏನು ಮಾಡಬೇಕು ಅನ್ನುವ ಸೆಟ್ಟಿಂಗ್‌ನಲ್ಲಿ, ಥ್ರಾಟಲ್ ಕೆಳಗೆ ಬರುವಂತೆ ಇಟ್ಟಿದ್ದೆ. ಸಿಗ್ನಲ್ ಮಾತ್ರ ಹೋಗಿದ್ದರೆ ರಿಸೀವರ್ ಬದುಕಿರುತ್ತದೆ, ಥ್ರಾಟಲ್ ಇಳಿಸುತ್ತದೆ, ಸದ್ದು ಕಡಿಮೆಯಾಗುತ್ತದೆ. ಸದ್ದು ಹಾಗೇ ಇತ್ತು ಅಂದರೆ ಹೇಳಲು ರಿಸೀವರೇ ಇರಲಿಲ್ಲ. ಅದು ಆಫ್ ಆಗಿ ಮತ್ತೆ ಆನ್ ಆಗಿತ್ತು. ಮನೆಗೆ ಬಂದು ಟ್ರಾನ್ಸ್‌ಮಿಟರ್‌ನ ಟೆಲಿಮೆಟ್ರಿ ಲಾಗ್ (ವಿಮಾನ ಕಳಿಸಿದ ಅಳತೆಗಳ ದಾಖಲೆ) ತೆಗೆದೆ. ರಿಸೀವರ್ ವೋಲ್ಟೇಜ್ 5.4, 4.8, 3.9. ಅದಾದ ಮೇಲೆ ಎರಡು ಸೆಕೆಂಡ್ ಖಾಲಿ. ಮತ್ತೆ 5.9. ನನ್ನ ರಿಸೀವರ್‌ನ ಕೈಪಿಡಿಯಲ್ಲಿ ಕನಿಷ್ಠ 3.5 ವೋಲ್ಟ್ ಅಂತ ಇದೆ.

ಹಾಗಾಗಿ ರೇಡಿಯೊ ಬಗ್ಗೆ ಯೋಚಿಸುವುದನ್ನು ಅಲ್ಲಿಗೇ ಬಿಟ್ಟೆ. ಹುಡುಕಬೇಕಾದದ್ದು ಕರೆಂಟು.

ಡಿಸೆಂಬರ್ 30, ಮಂಗಳವಾರ: ಎಲ್ಲಿ ಅಳೆಯಬೇಕು

ನನ್ನ ಕಸುಬು ಬೋರ್‌ವೆಲ್ ಮೋಟರ್ ರಿವೈಂಡಿಂಗ್. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ವಾರಕ್ಕೊಬ್ಬರಾದರೂ ಬಂದು ಒಂದೇ ಮಾತು ಹೇಳುತ್ತಾರೆ: "ಅಣ್ಣಾ, ಸ್ಟಾರ್ಟರ್ ಹತ್ತಿರ ವೋಲ್ಟೇಜ್ ಸರಿಯಾಗೇ ಇದೆ, ಮೋಟರ್ ಎತ್ತುತ್ತಿಲ್ಲ." ಮೇಲೆ ಇರುವ ವೋಲ್ಟೇಜ್ ಕೆಳಗೆ ಇರುವುದಿಲ್ಲ. ಸ್ಟಾರ್ಟ್ ಆಗುವಾಗ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ತೆಳು ಕೇಬಲ್ ಅಷ್ಟನ್ನೂ ದಾರಿಯಲ್ಲೇ ತಿನ್ನುತ್ತದೆ. ಇದನ್ನು ಇಪ್ಪತ್ತು ವರ್ಷದಿಂದ ರೈತರಿಗೆ ಹೇಳುತ್ತಾ ಬಂದಿದ್ದೇನೆ. ನನ್ನ ವಿಮಾನದಲ್ಲಿ ಮಾತ್ರ ಬ್ಯಾಟರಿ ಪ್ಲಗ್‌ಗೆ ಮೀಟರ್ ಇಟ್ಟು 6.4 ತೋರಿಸಿದರೆ ಸಾಕು ಅಂತ ಹಾರಿಸುತ್ತಿದ್ದೆ.

ಹಳೆಯ ವ್ಯವಸ್ಥೆ ಹೀಗಿತ್ತು. ಐದು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಒಂದು, 2000 ಎಂಎಎಚ್. ಅದರಿಂದ ಒಂದು ಸಣ್ಣ ಸ್ಲೈಡ್ ಸ್ವಿಚ್. ಅಲ್ಲಿಂದ ರಿಸೀವರ್. ರಿಸೀವರ್‌ನಿಂದ ಆರು ಸರ್ವೊ: ಐಲೆರಾನ್ ಎರಡು, ಎಲಿವೇಟರ್ ಎರಡು, ರಡ್ಡರ್ (ಮೂಗು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒಂದು, ಥ್ರಾಟಲ್ ಒಂದು. ಥ್ರಾಟಲ್ ಬಿಟ್ಟು ಉಳಿದ ಐದೂ 20 ಕೆಜಿ ಸೆಂ.ಮೀ.ಗಿಂತ ಹೆಚ್ಚು ತಿರುಗುಬಲದ ಡಿಜಿಟಲ್ ಸರ್ವೊ. ಒಂದೊಂದೂ ತಡೆದು ನಿಂತಾಗ ಮೂರು ಆಂಪ್ಸ್ ಎಳೆಯಬಲ್ಲದು. ಇಷ್ಟೂ ಕರೆಂಟ್ ಒಂದೇ ಸ್ವಿಚ್, ಒಂದೇ ಸಣ್ಣ ಸರ್ವೊ ಪ್ಲಗ್ ಮೂಲಕ ಬರಬೇಕಿತ್ತು. ಆ ಪ್ಲಗ್ ಸತತವಾಗಿ ಮೂರು ಆಂಪ್ಸ್ ಹೊತ್ತರೆ ಹೆಚ್ಚು.

ಇಬ್ಬರೂ ಸೇರಿ ಅಳೆದೆವು. ಅವನು ಎರಡೂ ಕಡ್ಡಿ ಜೋರಾಗಿ ತಿರುಗಿಸುತ್ತಿದ್ದ, ನಾನು ಮೀಟರ್ ಹಿಡಿದಿದ್ದೆ. ಬ್ಯಾಟರಿ ಹತ್ತಿರ 5.6 ವೋಲ್ಟ್. ರಿಸೀವರ್‌ನ ಖಾಲಿ ಪಿನ್‌ನಲ್ಲಿ 4.7. ಮೂವತ್ತು ಸೆಂಟಿಮೀಟರ್ ದಾರಿಯಲ್ಲಿ 0.9 ವೋಲ್ಟ್ ಹೋಗಿತ್ತು.

ಎಲ್ಲಿ ಹೋಯಿತು ಅಂತ ತಿಳಿಯಲು ಕಾರಿನ ಹೆಡ್‌ಲೈಟ್ ಬಲ್ಬ್ ಹಾಕಿದೆ. 12 ವೋಲ್ಟ್ 55 ವ್ಯಾಟ್‌ನ ಬಲ್ಬ್ ಆರು ವೋಲ್ಟ್ ಆಸುಪಾಸಿನಲ್ಲಿ 3.3 ಆಂಪ್ಸ್ ಎಳೆಯುತ್ತದೆ. ಡಿಸಿ ಟಾಂಗ್ ಟೆಸ್ಟರ್‌ನಲ್ಲಿ (ತಂತಿ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ನೋಡಿಕೊಂಡೆ. ಸರ್ವೊ ಅಲ್ಲಾಡಿಸಿದರೆ ಅಂಕಿ ಕುಣಿಯುತ್ತದೆ, ಬಲ್ಬ್ ಆದರೆ ಸ್ಥಿರವಾಗಿ ನಿಲ್ಲುತ್ತದೆ. ಸ್ವಿಚ್‌ನ ಈ ಕಡೆಗೂ ಆ ಕಡೆಗೂ ಮೀಟರ್ ಇಟ್ಟೆ: 0.31 ವೋಲ್ಟ್. ಎರಡು ಪ್ಲಗ್‌ಗಳಲ್ಲಿ ಸೇರಿ 0.18. ಉಳಿದ ತಂತಿಯಲ್ಲಿ 0.10. ಒಟ್ಟು 0.59.

ಅಂದರೆ ದಾರಿಯ ರೆಸಿಸ್ಟೆನ್ಸ್ ಸುಮಾರು 0.18 ಓಮ್. ಹಳೆಯ ಬ್ಯಾಟರಿಯ ಒಳಗೇ ಇನ್ನೊಂದು 0.15. ಲೂಪ್‌ನಲ್ಲಿ ಎಳೆದಾಗ ಹತ್ತು ಆಂಪ್ಸ್ ಹೋಗಿದ್ದರೆ ದಾರಿಯಲ್ಲಿ 1.8, ಬ್ಯಾಟರಿಯಲ್ಲಿ 1.5. 6.4ರಲ್ಲಿ 3.3 ಕಳೆದರೆ ರಿಸೀವರ್‌ಗೆ ಉಳಿಯುವುದು 3.1. ಲೆಕ್ಕ ಸರಿಯಾಗಿ ಕೂತಿತು. ಅದು ಆ ದಿನ ಆದದ್ದಲ್ಲ, ಯಾವತ್ತೋ ಆಗಬೇಕಾಗಿದ್ದದ್ದು.

ಸ್ವಿಚ್ ಬಿಚ್ಚಿ ನೋಡಿದೆ. ಒಳಗಿನ ಹಿತ್ತಾಳೆ ಕಪ್ಪಾಗಿತ್ತು, ಚುಕ್ಕೆ ಚುಕ್ಕೆ ಸುಟ್ಟಿತ್ತು. ಪೆಟ್ರೋಲ್ ಎಂಜಿನ್‌ನ ನಡುಕಕ್ಕೆ ಈ ಸ್ವಿಚ್ ಆಗುವುದಿಲ್ಲ.

ಜನವರಿ 2: ಕೆಪಾಸಿಟರ್, ಮೊದಲ ಸೋಲು

ಯಾರೋ ಒಮ್ಮೆ ಹೇಳಿದ್ದು ನೆನಪಿತ್ತು: ರಿಸೀವರ್‌ನ ಖಾಲಿ ಪಿನ್‌ಗೆ ದೊಡ್ಡ ಕೆಪಾಸಿಟರ್ ಹಾಕಿ, ರೀಬೂಟ್ ಆಗುವುದಿಲ್ಲ. 4700 ಮೈಕ್ರೋಫ್ಯಾರಡ್, 16 ವೋಲ್ಟ್‌ನದು ಅಂಗಡಿಯಲ್ಲೇ ಇತ್ತು. ಬೆಸುಗೆ ಹಾಕಿ ಚುಚ್ಚಿದೆ. ಕಡ್ಡಿ ತಿರುಗಿಸಿದರೆ ಮೀಟರ್‌ನಲ್ಲಿ ಅದೇ 4.7.

ಆಮೇಲೆ ಲೆಕ್ಕ ಹಾಕಿದೆ. ಆರು ಆಂಪ್ಸ್ ಎಳೆದರೆ ಆ ಕೆಪಾಸಿಟರ್ ಒಂದು ವೋಲ್ಟ್ ಇಳಿಯಲು ಹಿಡಿಯುವ ಕಾಲ ಒಂದು ಮಿಲಿ ಸೆಕೆಂಡ್‌ಗಿಂತ ಕಡಿಮೆ. ಲೂಪ್ ಎಳೆಯುವುದು ಒಂದೂವರೆ ಸೆಕೆಂಡ್. ಸರ್ವೊ ಹೊರಡುವ ಕ್ಷಣದ ಚೂಪಾದ ಏರಿಳಿತಕ್ಕೆ ಅದು ಒಳ್ಳೆಯದು, ತೆಳು ತಂತಿಗೆ ಔಷಧಿಯಲ್ಲ. ಕೊನೆಗೆ ಹೊಸ ಬೋರ್ಡ್‌ನಲ್ಲಿ ಒಂದನ್ನು ಇಟ್ಟಿದ್ದೇನೆ. ಅದನ್ನು ನಂಬಿ ಬೇರೆ ಕೆಲಸ ಬಿಡಬೇಡಿ.

ಜನವರಿ 4, ಭಾನುವಾರ: ಏನು ಕಟ್ಟಬೇಕು ಅಂತ ತೀರ್ಮಾನ

ಕಾಗದದ ಮೇಲೆ ಬರೆದುಕೊಂಡೆ. ಬ್ಯಾಟರಿ ಎರಡು, ಸ್ವಿಚ್ ಎರಡು, ಎರಡು ದಾರಿ. ಯಾವುದಾದರೂ ಒಂದು ತಂತಿ, ಒಂದು ಪ್ಲಗ್, ಒಂದು ಸ್ವಿಚ್ ಕೈಕೊಟ್ಟರೂ ವಿಮಾನ ಇಳಿಯಬೇಕು. ಸರ್ವೊ ಕರೆಂಟ್ ರಿಸೀವರ್ ಒಳಗೆ ಹೋಗಬಾರದು. ರಿಸೀವರ್‌ನಿಂದ ಸಿಗ್ನಲ್ ತಂತಿ ಮಾತ್ರ ಬರಬೇಕು, ಪ್ಲಸ್ ಮೈನಸ್ ಎರಡೂ ಬೇರೆ ಬೋರ್ಡ್‌ನಿಂದ.

ಬ್ಯಾಟರಿಗೆ ಎರಡು ಸೆಲ್‌ನ ಲೈಫೆ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಆರಿಸಿದೆ. ಪೂರ್ತಿ ತುಂಬಿದಾಗ 7.2 ವೋಲ್ಟ್, ಸ್ವಲ್ಪ ಹೊತ್ತಿಗೆ 6.6ಕ್ಕೆ ಬಂದು ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ರೆಗ್ಯುಲೇಟರ್ ಬೇಕಿಲ್ಲ. ಲೈಪೊ (ಲಿಥಿಯಂ ಪಾಲಿಮರ್) ಆದರೆ 8.4ರಿಂದ ಶುರು. ನನ್ನ ಐದು ದೊಡ್ಡ ಸರ್ವೊಗಳಿಗೆ ಅದೂ ತಡೆಯುತ್ತಿತ್ತು, ಆದರೆ ಥ್ರಾಟಲ್ ಸರ್ವೊ ಹಳೆಯದು, ಆರು ವೋಲ್ಟ್ ಮಿತಿಯದು. ಲೈಫೆಗೆ ಅದರ ಪ್ಲಸ್ ತಂತಿಯಲ್ಲಿ ಒಂದು 1ಎನ್5401 ಡಯೋಡ್ ಹಾಕಿದರೆ ಸಾಕು, 5.8 ಆಸುಪಾಸಿಗೆ ಬರುತ್ತದೆ. ಒಂದೇ ಬ್ಯಾಟರಿ ಇಡೀ ವಿಮಾನ ನಡೆಸಬೇಕಾಗಿ ಬಂದರೂ ಸಾಕಾಗಲಿ ಅಂತ ತಲಾ 2100 ಎಂಎಎಚ್ ತಗೊಂಡೆ.

ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿ ಬಂದೆ. ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ ಸ್ವಿಚ್ ಆನ್‌ಲೈನ್‌ನಲ್ಲಿ ತರಿಸಿದೆ. ಈ ಸ್ವಿಚ್ ಬಗ್ಗೆ ಒಂದು ಮಾತು. ತಗೊಳ್ಳುವಾಗ ಕೇಳಿ ನೋಡಿ: ಗುಂಡಿಯ ತಂತಿ ಕಿತ್ತು ಬಂದರೆ ಅದು ಆನ್ ಆಗಿಯೇ ಉಳಿಯುತ್ತದಾ? ಉಳಿಯುವಂಥದ್ದನ್ನೇ ತಗೊಳ್ಳಿ. ಗುಂಡಿ ಬರೀ ಹೇಳಿಕೆ ಕೊಡುತ್ತದೆ, ಕರೆಂಟ್ ಹೋಗುವುದು ಒಳಗಿನ ಮಾಸ್ಫೆಟ್ ಎಂಬ ಟ್ರಾನ್ಸಿಸ್ಟರ್ ಮೂಲಕ. ಮನೆಗೆ ಬಂದ ಮೇಲೆ ಗುಂಡಿಯ ಪ್ಲಗ್ ಕಿತ್ತು ನೋಡಿದೆ. ಆನ್ ಆಗಿಯೇ ಇತ್ತು.

ಜನವರಿ 8: ಡಯೋಡ್, ಎರಡನೇ ಸೋಲು

ಎರಡು ಬ್ಯಾಟರಿ ಸೇರಿಸುವ ಜಾಗದಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಶಾಟ್ಕಿ ಡಯೋಡ್ ತಲಾ ಒಂದು ಹಾಕಿದೆ. ಒಂದು ಬ್ಯಾಟರಿ ಶಾರ್ಟ್ ಆದರೆ ಇನ್ನೊಂದರ ಕರೆಂಟ್ ಅದರೊಳಗೆ ಹೋಗಬಾರದು ಅನ್ನುವುದು ಉದ್ದೇಶ. ಬಲ್ಬ್ ಹಾಕಿ ಅಳೆದೆ. ಡಯೋಡ್‌ನಲ್ಲೇ 0.45 ವೋಲ್ಟ್ ಹೋಯಿತು. ಐದು ನಿಮಿಷಕ್ಕೆ ಬೆರಳು ಇಡಲು ಆಗದಷ್ಟು ಬಿಸಿ. ಬಾಲ್ಸಾ ಮರದ ಡಬ್ಬಿಯೊಳಗೆ, ಗಾಳಿಯಿಲ್ಲದ ಜಾಗದಲ್ಲಿ ಅದನ್ನು ಇಡಲು ಮನಸ್ಸಾಗಲಿಲ್ಲ. ಅದೂ ಅಲ್ಲದೆ ವೋಲ್ಟ್ ಉಳಿಸಲು ಹೊರಟವನು ಅರ್ಧ ವೋಲ್ಟ್ ಡಯೋಡ್‌ಗೆ ಕೊಡುವುದು ಯಾವ ನ್ಯಾಯ?

ಕಿತ್ತು ಹಾಕಿದೆ. ಎರಡೂ ಬ್ಯಾಟರಿ ತಮ್ಮ ತಮ್ಮ ಸ್ವಿಚ್ ದಾಟಿ ನೇರವಾಗಿ ಬೋರ್ಡ್‌ನಲ್ಲಿ ಸೇರುತ್ತವೆ. ದೊಡ್ಡ ಮಾಡೆಲ್ ಹಾರಿಸುವವರು ಲೈಫೆ ಬ್ಯಾಟರಿಗಳನ್ನು ಹೀಗೆ ಸೇರಿಸುವುದುಂಟು. ಇದರಲ್ಲೂ ಅಪಾಯ ಇಲ್ಲ ಅಂತಲ್ಲ: ಒಂದು ಸೆಲ್ ಒಳಗೇ ಶಾರ್ಟ್ ಆದರೆ ಎರಡನೆಯದನ್ನೂ ಎಳೆಯುತ್ತದೆ. ನನ್ನ ಲೆಕ್ಕದಲ್ಲಿ ಸೆಲ್ ಶಾರ್ಟ್ ಆಗುವುದಕ್ಕಿಂತ ಪ್ಲಗ್ ಸಡಿಲವಾಗುವುದು, ತಂತಿ ಮುರಿಯುವುದು, ಸ್ವಿಚ್ ಸುಡುವುದು ಎಷ್ಟೋ ಜಾಸ್ತಿ. ಆ ಮೂರಕ್ಕೂ ಈ ಜೋಡಣೆ ಸಾಕು. ಷರತ್ತು ಒಂದೇ: ಎರಡೂ ಒಂದೇ ಥರದ, ಒಂದೇ ವಯಸ್ಸಿನ ಬ್ಯಾಟರಿ ಆಗಿರಬೇಕು, ಆನ್ ಮಾಡುವ ಮೊದಲು ಎರಡರ ವೋಲ್ಟೇಜ್‌ನಲ್ಲಿ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ತುಂಬಿದ್ದು ಖಾಲಿಯಾದದ್ದರೊಳಗೆ ಹರಿಯುತ್ತದೆ.

ಜನವರಿ 10 ಮತ್ತು 11: ಬೋರ್ಡ್

ಎರಡೂ ಬದಿ ತಾಮ್ರ ಇರುವ ಕಾಪರ್ ಕ್ಲ್ಯಾಡ್ ಶೀಟ್ ತುಂಡು, 70 ಮಿ.ಮೀ. ಉದ್ದ, 40 ಅಗಲ. ಮೇಲಿನ ಬದಿ ಪ್ಲಸ್, ಕೆಳಗಿನದು ಮೈನಸ್. ಆರು ಜಾಗದಲ್ಲಿ ಮೂರು ಮೂರು ಪಿನ್. ಮಧ್ಯದ್ದು ಪ್ಲಸ್‌ಗೆ, ಒಂದು ಬದಿಯದ್ದು ಮೈನಸ್‌ಗೆ, ಇನ್ನೊಂದು ಬದಿಯದ್ದು ಸಿಗ್ನಲ್‌ಗೆ. ಸಿಗ್ನಲ್ ಪಿನ್ ಸುತ್ತ ತಾಮ್ರ ಕೆರೆದು ತೆಗೆದೆ. ಎರಡು ಬದಿಯ ನಡುವೆ ಒಂದು ಎಳೆ ತಾಮ್ರ ಉಳಿದರೂ ಶಾರ್ಟ್, ಹಾಗಾಗಿ ಪ್ರತಿ ತೂತಿನ ಅಂಚನ್ನೂ ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ಬಿಡಿಸಿದೆ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕುವ ಅಭ್ಯಾಸ ಇದೆ, ಆದರೆ ಇಲ್ಲಿ ಮಲ್ಟಿಮೀಟರ್ ಸಾಕು. ಪ್ಲಸ್ ಮೈನಸ್ ನಡುವೆ ಏನೂ ತೋರಿಸಬಾರದು.

ರಿಸೀವರ್‌ಗೆ ಬೋರ್ಡ್‌ನಿಂದ ಒಂದಲ್ಲ, ಎರಡು ಕಡೆ ಕರೆಂಟ್ ಕೊಟ್ಟೆ, ಎರಡು ಬೇರೆ ಬೇರೆ ಪ್ಲಗ್‌ನಲ್ಲಿ. ಒಂದು ನಡುಕಕ್ಕೆ ಸಡಿಲವಾದರೂ ಇನ್ನೊಂದು ಇರುತ್ತದೆ.

ತಂತಿ ಕೊಳ್ಳುವಾಗ ನಮ್ಮ ಕಸುಬಿನವರು ಒಂದು ವಿಷಯ ಗಮನಿಸಬೇಕು. ವೈಂಡಿಂಗ್ ತಂತಿಯ ದಪ್ಪವನ್ನು ನಾವು ಎಸ್‌ಡಬ್ಲ್ಯೂಜಿ (ಬ್ರಿಟಿಷ್ ನಂಬರು) ಲೆಕ್ಕದಲ್ಲಿ ಹೇಳುತ್ತೇವೆ, ಹವ್ಯಾಸದ ಸಿಲಿಕಾನ್ ತಂತಿ ಎಡಬ್ಲ್ಯೂಜಿಯಲ್ಲಿ (ಅಮೆರಿಕದ ನಂಬರು) ಬರುತ್ತದೆ. 18 ಎಸ್‌ಡಬ್ಲ್ಯೂಜಿ ಅಂದರೆ 1.22 ಮಿ.ಮೀ. ದಪ್ಪ, 18 ಎಡಬ್ಲ್ಯೂಜಿ ಅಂದರೆ 1.02. ಒಂದೇ ನಂಬರ್ ಅಂತ ಒಂದೇ ತಂತಿ ಅಂದುಕೊಳ್ಳಬೇಡಿ. ಬ್ಯಾಟರಿಯಿಂದ ಬೋರ್ಡ್‌ಗೆ 18 ಎಡಬ್ಲ್ಯೂಜಿ ಬಳಸಿದೆ, ಒಂದು ಮೀಟರ್ ಉದ್ದಕ್ಕೆ 21 ಮಿಲಿ ಓಮ್. ಹಳೆಯದು 22 ಎಡಬ್ಲ್ಯೂಜಿ, ಅಷ್ಟೇ ಉದ್ದಕ್ಕೆ 53. ಬ್ಯಾಟರಿ ಪ್ಲಗ್ ಎಲ್ಲ ಎಕ್ಸ್‌ಟಿ30, ಹೆಚ್ಚು ಕರೆಂಟ್ ಹೊರುವ ಥರದ್ದು.

ಜನವರಿ 13: ನನ್ನ ದೊಡ್ಡ ತಪ್ಪು

ಸ್ವಿಚ್‌ನಿಂದ ಬೋರ್ಡ್‌ಗೆ ಹೋಗುವ ನಾಲ್ಕು ತುಂಡು ಮಾತ್ರ ಸಿಲಿಕಾನ್ ತಂತಿಯಲ್ಲಿ ಮಾಡಲಿಲ್ಲ. ಮೇಜಿನ ಮೇಲೆ ದಪ್ಪ ವೈಂಡಿಂಗ್ ತಂತಿ ಬಿದ್ದಿತ್ತು. ಒಳ್ಳೆಯ ತಾಮ್ರ, ದಪ್ಪ, ನನ್ನ ಕೈಗೆ ಅಭ್ಯಾಸವಾದದ್ದು. ಎನಾಮಲ್ ಕೆರೆದು, ಬಾಗಿಸಿ, ಬೆಸುಗೆ ಹಾಕಿದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಬಲ್ಬ್ ಹಾಕಿ ಅಳೆದರೆ ವೋಲ್ಟೇಜ್ ಇಳಿತ ಎಲ್ಲಕ್ಕಿಂತ ಕಡಿಮೆ.

ಸಂಜೆ ಮನೆ ಹಿಂದಿನ ಬಯಲಿನಲ್ಲಿ ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದು ಎಂಜಿನ್ ಓಡಿಸಿದೆ. ಐಡಲ್, ಅರ್ಧ, ಪೂರ್ತಿ, ಮತ್ತೆ ಐಡಲ್. ಹನ್ನೆರಡು ನಿಮಿಷ. ಆಮೇಲೆ ಒಂದೊಂದೇ ಬ್ಯಾಟರಿಯಲ್ಲಿ ಪರೀಕ್ಷೆ ಮಾಡಿದರೆ ಎರಡನೇ ಬ್ಯಾಟರಿಯ ದಾರಿಯಲ್ಲಿ ಕರೆಂಟೇ ಇಲ್ಲ. ಬೆಸುಗೆಯ ಅಂಚಿನಲ್ಲಿ ತಂತಿ ನೇರವಾಗಿ ಕತ್ತರಿಸಿದಂತೆ ಮುರಿದಿತ್ತು. ಮೊದಲನೆಯದರ ಪ್ಲಸ್‌ನಲ್ಲೂ ಬಿರುಕು ಕಾಣಿಸಿತು.

ಒಂಟಿ ಗಟ್ಟಿ ತಂತಿ ನಡುಕಕ್ಕೆ ಬಾಗುವುದಿಲ್ಲ, ಬೆಸುಗೆ ಮುಗಿಯುವ ಒಂದೇ ಜಾಗದಲ್ಲಿ ಎಲ್ಲ ಒತ್ತಡ ತಗೊಂಡು ಮುರಿಯುತ್ತದೆ. ಮೋಟರ್‌ನಲ್ಲಿ ಅದು ಸ್ಲಾಟ್ ಒಳಗೆ ವಾರ್ನಿಷ್‌ನಿಂದ ಹಿಡಿದು ಕೂತಿರುತ್ತದೆ, ಅಲ್ಲಾಡುವುದೇ ಇಲ್ಲ. ಇಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ. ಈ ವ್ಯತ್ಯಾಸ ಗೊತ್ತಿದ್ದೂ, ಕೈಗೆ ಸಿಕ್ಕಿತು ಅಂತ ಬಳಸಿದೆ. ಈ ಎಂಜಿನ್ ಓಟ ಮಾಡದೆ ಹೊಲಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ.

ಸಂಕ್ರಾಂತಿ ರಜೆಯಲ್ಲಿ ನಾಲ್ಕೂ ತುಂಡು ಕಿತ್ತು ಸಿಲಿಕಾನ್ ತಂತಿ ಹಾಕಿದೆ. ಬಹು ಎಳೆಯ ತಂತಿಯಲ್ಲೂ ಬೆಸುಗೆ ಒಳಗೆ ಹೀರಿಕೊಂಡು ಒಂದಷ್ಟು ಉದ್ದ ಗಟ್ಟಿಯಾಗುತ್ತದೆ. ಅದಕ್ಕೆ ಪ್ರತಿ ಬೆಸುಗೆಯಿಂದ ಎರಡು ಸೆಂಟಿಮೀಟರ್ ಆಚೆ ಕೇಬಲ್ ಟೈ ಹಾಕಿ ಬೋರ್ಡ್‌ಗೇ ಕಟ್ಟಿದೆ, ನಡುಕ ಬೆಸುಗೆಗೆ ತಲುಪದ ಹಾಗೆ. ಬೋರ್ಡ್ ಕೆಳಗೆ ಹತ್ತು ಮಿ.ಮೀ. ಫೋಮ್. ಮತ್ತೆ ಹನ್ನೆರಡು ನಿಮಿಷ ಓಡಿಸಿದೆ, ಅಷ್ಟಕ್ಕೇ ನಿಲ್ಲಿಸದೆ ಮಾರನೇ ದಿನ ಇಪ್ಪತ್ತು ನಿಮಿಷ. ಭೂತಗನ್ನಡಿ ಇಟ್ಟು ಪ್ರತಿ ಬೆಸುಗೆ ನೋಡಿದೆ. ಏನೂ ಆಗಿರಲಿಲ್ಲ.

ಜನವರಿ 16: ಒಂದು ಬ್ಯಾಟರಿ ಹೋಯಿತು

ಇದು ಚಿಕ್ಕದು, ಆದರೆ 2,200 ರೂಪಾಯಿಯದು. ಚಾರ್ಜರ್‌ನಲ್ಲಿ ಹಿಂದಿನ ಸಲ ಲೈಪೊ ಆಯ್ಕೆ ಮಾಡಿತ್ತು. ಬದಲಾಯಿಸದೆ ಲೈಫೆ ಬ್ಯಾಟರಿ ಹಾಕಿದೆ. 7.2ರಲ್ಲಿ ನಿಲ್ಲಬೇಕಾದದ್ದು 8.4ರ ಕಡೆಗೆ ಹೊರಟಿತ್ತು. 7.9ರಲ್ಲಿ ಕಣ್ಣಿಗೆ ಬಿತ್ತು. ಬೆಂಕಿ ಬೀಳಲಿಲ್ಲ, ಆದರೆ ಬ್ಯಾಟರಿ ಸ್ವಲ್ಪ ಉಬ್ಬಿತ್ತು. ಅದನ್ನು ಮತ್ತೆ ವಿಮಾನದಲ್ಲಿ ಇಡುವ ಮಾತೇ ಇಲ್ಲ. ಮೂರನೆಯದನ್ನು ತರಿಸಿದೆ. ಈಗ ಎರಡೂ ಬ್ಯಾಟರಿಯ ಮೇಲೆ ದಪ್ಪ ಅಕ್ಷರದಲ್ಲಿ "ಲೈಫೆ 7.2" ಅಂತ ಬರೆದು ಟೇಪ್ ಹಚ್ಚಿದ್ದೇನೆ.

ಜನವರಿ 18, ಭಾನುವಾರ: ಮತ್ತೆ ಅಳತೆ

ಹೆಡ್‌ಲೈಟ್ ಬಲ್ಬ್ ಎರಡು ಸೇರಿಸಿ ಬೋರ್ಡ್‌ನ ಸರ್ವೊ ಪಿನ್‌ಗಳಿಗೆ ಕೊಟ್ಟೆ, ಒಟ್ಟು 6.5 ಆಂಪ್ಸ್. ಎರಡೂ ಬ್ಯಾಟರಿ ಆನ್ ಇದ್ದಾಗ ಬ್ಯಾಟರಿ ಹತ್ತಿರ 6.42, ಬೋರ್ಡ್ ಹತ್ತಿರ 6.35. ಒಂದೇ ಆನ್ ಇದ್ದಾಗ 6.24 ಮತ್ತು 6.11. ಹಳೆಯ ದಾರಿಯಲ್ಲಿ ಇಷ್ಟೇ ಕರೆಂಟ್‌ಗೆ ಒಂದು ವೋಲ್ಟ್‌ಗಿಂತ ಹೆಚ್ಚು ಹೋಗುತ್ತಿತ್ತು. ಈಗ ಒಂದೇ ಬ್ಯಾಟರಿಯಲ್ಲೂ 0.13.

ಆಮೇಲೆ ಸರ್ವೊ ಎಲ್ಲ ಜೋಡಿಸಿ, ಅಕ್ಕನ ಮಗ ಕಡ್ಡಿ ತಿರುಗಿಸುತ್ತಿರುವಾಗಲೇ ನಾನು ಒಂದೊಂದೇ ಬ್ಯಾಟರಿ ಪ್ಲಗ್ ಕಿತ್ತೆ, ಮತ್ತೆ ಹಾಕಿದೆ. ಸರ್ವೊಗಳಿಗೆ ಗೊತ್ತೇ ಆಗಲಿಲ್ಲ. ಅವನು ಐದು ಸಲ ಮಾಡಿಸಿದ.

ತೂಕ 180 ಗ್ರಾಂ ಜಾಸ್ತಿಯಾಯಿತು. ಬ್ಯಾಟರಿಗಳನ್ನು ಮೊದಲಿನ ಜಾಗದಲ್ಲೇ ಇಟ್ಟರೆ ಬಾಲ ಭಾರ. ಎಂಜಿನ್ ಪೆಟ್ಟಿಗೆಯ ಎರಡು ಬದಿಗೆ ಸರಿಸಿ, ರೆಕ್ಕೆಯ ಕೆಳಗೆ ಗುರುತು ಮಾಡಿದ ಜಾಗದಲ್ಲಿ ಎರಡು ಬೆರಳಿನಿಂದ ಎತ್ತಿ ನೋಡಿದೆ. ಸಮ ನಿಂತಿತು.

ಜನವರಿ 24: ಆಂಟೆನಾ ಮತ್ತು ಪ್ಲಗ್

ಡಬ್ಬಿ ತೆರೆದಿದ್ದೇ ಇತ್ತು ಅಂತ ಆಂಟೆನಾ ಕೂಡ ನೋಡಿದೆ. ರಿಸೀವರ್‌ಗೆ ಎರಡು ಆಂಟೆನಾ. ಎರಡೂ ಒಂದೇ ದಿಕ್ಕಿಗೆ, ಅದರಲ್ಲೊಂದನ್ನು ರೆಕ್ಕೆಯ ಕಾರ್ಬನ್ ಕೊಳವೆಗೇ ಟೇಪ್ ಹಾಕಿ ಅಂಟಿಸಿದ್ದರು. ಕಾರ್ಬನ್ ಸಿಗ್ನಲ್ ತಡೆಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದು ತುದಿಯ 31 ಮಿ.ಮೀ. ತೆರೆದ ಭಾಗ ಮಾತ್ರ. ಎರಡಕ್ಕೂ ಪ್ಲಾಸ್ಟಿಕ್ ಕೊಳವೆ ಹಾಕಿ, ಒಂದು ನೆಟ್ಟಗೆ, ಇನ್ನೊಂದು ಅಡ್ಡಲಾಗಿ, ಕಾರ್ಬನ್‌ನಿಂದ ದೂರ ಇಟ್ಟೆ.

ಆಮೇಲೆ ರೇಂಜ್ ಚೆಕ್, ಅಂದರೆ ಸಿಗ್ನಲ್ ಎಷ್ಟು ದೂರ ಸಿಗುತ್ತದೆ ಅಂತ ಪರೀಕ್ಷೆ. ಟ್ರಾನ್ಸ್‌ಮಿಟರ್‌ನ ಶಕ್ತಿ ಇಳಿಸುವ ಮೋಡ್‌ನಲ್ಲಿ ಮೂವತ್ತು ಹೆಜ್ಜೆ ದೂರ. ಎಂಜಿನ್ ಆಫ್ ಇದ್ದಾಗ ಎಲ್ಲ ಸರಿ. ಎಂಜಿನ್ ಓಡುತ್ತಿರುವಾಗ ಹದಿನೆಂಟನೇ ಹೆಜ್ಜೆಗೇ ರಡ್ಡರ್ ಮಿಡುಕಿತು. ಇಗ್ನಿಷನ್‌ಗೆ (ಎಂಜಿನ್‌ಗೆ ಕಿಡಿ ಕೊಡುವ ಭಾಗ) ಬೇರೆ ಬ್ಯಾಟರಿ ಇದೆ, ಆದರೆ ಅದರ ತಂತಿ ರಡ್ಡರ್ ಸರ್ವೊ ತಂತಿಯ ಜೊತೆಗೇ ಒಂದೇ ಟೈನಲ್ಲಿ ಕಟ್ಟಿತ್ತು. ಸ್ಪಾರ್ಕ್ ಪ್ಲಗ್ ಕ್ಯಾಪ್‌ನ ಲೋಹದ ಹೊದಿಕೆ ಪ್ಲಗ್‌ನ ಮೈಗೆ ಬಿಗಿಯಾಗಿ ತಾಗುತ್ತಿರಲಿಲ್ಲ, ಅದರ ಸ್ಪ್ರಿಂಗ್ ಬಳೆ ಹಿಗ್ಗಿತ್ತು. ಬಳೆ ಒತ್ತಿ ಸರಿ ಮಾಡಿದೆ, ಮರಳು ಕಾಗದದಲ್ಲಿ ಉಜ್ಜಿದೆ. ತಂತಿ ಬೇರೆ ಮಾಡಿ, ಇಗ್ನಿಷನ್‌ಗೆ ಸೇರಿದ್ದೆಲ್ಲ ಫೈರ್‌ವಾಲ್ (ಎಂಜಿನ್ ಕೂರುವ ಅಡ್ಡ ಹಲಗೆ) ಮುಂದೆ ಇಟ್ಟೆ, ರಿಸೀವರ್ ಅಲ್ಲಿಂದ 35 ಸೆಂಟಿಮೀಟರ್ ಹಿಂದೆ. ಈಗ ಎಂಜಿನ್ ಓಡುತ್ತಿದ್ದರೂ ಮೂವತ್ತು ಹೆಜ್ಜೆ ದಾಟಿ ನಲವತ್ತಕ್ಕೂ ಸರಿ ಇದೆ.

ಎರಡು ಬದಲಾವಣೆಯನ್ನೂ ಒಟ್ಟಿಗೆ ಮಾಡಿದ್ದರಿಂದ ಯಾವುದು ಕಾರಣ ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಒಂದೊಂದಾಗಿ ಮಾಡಿ ನೋಡಬೇಕಿತ್ತು.

ಫೇಲ್‌ಸೇಫ್ ಹೊಸದಾಗಿ ಇಟ್ಟೆ: ಥ್ರಾಟಲ್ ಐಡಲ್, ಇಗ್ನಿಷನ್ ಕಟ್. ವಿಮಾನ ಗೂಟಕ್ಕೆ ಕಟ್ಟಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿದೆ. ಎಂಜಿನ್ ನಿಂತಿತು. ಎಂಜಿನ್ ನಿಲ್ಲಿಸಿದರೆ ವಿಮಾನ ಹೋಗುತ್ತದೆ ಅಂತ ಕೆಲವರು ಇಗ್ನಿಷನ್ ಕಟ್ ಹಾಕುವುದಿಲ್ಲ. ನನಗೆ ಆ ಮೇಕೆ ಹುಡುಗರು ನೆನಪಾಗುತ್ತಾರೆ. ಹೋಗುವುದಾದರೆ ವಿಮಾನ ಹೋಗಲಿ.

ಖರ್ಚು

ಲೈಫೆ ಬ್ಯಾಟರಿ ಮೂರು, 6,600 ರೂ. ಎಲೆಕ್ಟ್ರಾನಿಕ್ ಸ್ವಿಚ್ ಎರಡು, 1,900. ಸಿಲಿಕಾನ್ ತಂತಿ ಎರಡು ದಪ್ಪದ್ದು ಸೇರಿ 600. ಎಕ್ಸ್‌ಟಿ30 ಪ್ಲಗ್ 250. ಸರ್ವೊ ಎಕ್ಸ್‌ಟೆನ್ಷನ್ ಆರು, 660. ಕಾಪರ್ ಕ್ಲ್ಯಾಡ್, ಪಿನ್, ಸ್ಲೀವ್, ಕೆಪಾಸಿಟರ್ 310. ಡಯೋಡ್‌ಗಳು 90. ಒಟ್ಟು 10,410. ಇದರಲ್ಲಿ ವ್ಯರ್ಥವಾದದ್ದು ಒಂದು ಬ್ಯಾಟರಿ ಮತ್ತು ಶಾಟ್ಕಿ ಡಯೋಡ್, 2,280. ವಿಮಾನ, ಎಂಜಿನ್, ಸರ್ವೊ ಎಲ್ಲ ಸೇರಿ ಇದರ ಎಷ್ಟೋ ಪಟ್ಟು. ಮೊದಲೇ ಮಾಡಬೇಕಿತ್ತು.

ಫೆಬ್ರವರಿ 1, ಭಾನುವಾರ: ಹೊಲ

ಹಿಂದಿನ ದಿನ ಸರ್ಕಾರದ ಡಿಜಿಟಲ್ ಸ್ಕೈ ತಾಣದ ಡ್ರೋನ್ ನಕ್ಷೆಯಲ್ಲಿ ಜಾಗ ಹಸಿರು ವಲಯದಲ್ಲೇ (ಹಾರಿಸಲು ಮುಂಚಿತ ಅನುಮತಿ ಬೇಡದ ಜಾಗ) ಇದೆ ಅಂತ ನೋಡಿಕೊಂಡೆ. 2021ರ ಡ್ರೋನ್ ನಿಯಮದಲ್ಲಿ ಎರಡು ಕೆಜಿಯಿಂದ 25 ಕೆಜಿವರೆಗಿನದು ಸಣ್ಣ ವರ್ಗ, ಹಸಿರು ವಲಯದಲ್ಲಿ 400 ಅಡಿ ಮಿತಿ. ಹೊಲದ ಸುತ್ತ ಒಂದು ಸುತ್ತು ನಡೆದು ಬಂದೆವು. ಮೇಕೆ ಹುಡುಗರಿಗೆ ಹೇಳಿ ನಮ್ಮ ಹಿಂದೆ, ಹುಣಸೆ ಮರದ ಕೆಳಗೆ ಕೂರಿಸಿದೆವು. ತೊಮೆಟೊ ಕ್ರೇಟ್ ಎರಡರ ಮೇಲೆ ವಿಮಾನ ಇಟ್ಟು ಕೊನೆಯ ಸಲ ಎಲ್ಲ ಪ್ಲಗ್ ಮುಟ್ಟಿ ನೋಡಿದೆ. ಎರಡೂ ಬ್ಯಾಟರಿ 6.68 ಮತ್ತು 6.67.

ಮೊದಲ ಹಾರಾಟ ಎಂಟು ನಿಮಿಷ, ಬರೀ ಸುತ್ತು. ಎರಡನೆಯದು ಹತ್ತು ನಿಮಿಷ. ಅದರಲ್ಲಿ ಲೂಪ್ ಹಾಕಿದೆ, ಆವತ್ತು ಎಳೆದಷ್ಟೇ ಜೋರಾಗಿ ಎಳೆದೆ, ಐಲೆರಾನ್ ಕೂಡ ಕೊಟ್ಟೆ. ಎತ್ತರ ಇಟ್ಟುಕೊಂಡೇ ಮಾಡಿದೆ. ವಿಮಾನ ಕೇಳಿತು. ಮತ್ತೆ ನಾಲ್ಕು ಸಲ ಮಾಡಿದೆ. ಅಕ್ಕನ ಮಗ ಟೆಲಿಮೆಟ್ರಿ ಓದುತ್ತಿದ್ದ: "ಮಾಮ, 6.2. ಅದಕ್ಕಿಂತ ಕೆಳಗೆ ಹೋಗಲೇ ಇಲ್ಲ."

ಲೈಫೆಯಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ತಿಳಿಯುವುದಿಲ್ಲ, ಖಾಲಿಯಾಗುವ ಹತ್ತಿರ ಬರುವವರೆಗೂ 6.6 ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಎರಡನೇ ಹಾರಾಟಕ್ಕೆ ಮೊದಲು ಹೊಲದಲ್ಲೇ ಪೂರ್ತಿ ತುಂಬಿಸಿ, ಇಳಿಸಿದ ಮೇಲೆ ಮತ್ತೆ ತುಂಬಿಸಿ, ಎಷ್ಟು ಹೋಯಿತು ಅಂತ ಬರೆದುಕೊಂಡೆ. ಒಂದಕ್ಕೆ 118 ಎಂಎಎಚ್, ಇನ್ನೊಂದಕ್ಕೆ 131. ಎರಡೂ ಹತ್ತಿರ ಹತ್ತಿರ ಇವೆ, ಅಂದರೆ ಎರಡೂ ದಾರಿ ಕೆಲಸ ಮಾಡುತ್ತಿವೆ. ಮುಂದೆ ಈ ಎರಡು ಅಂಕಿ ದೂರವಾದರೆ ಒಂದು ಪ್ಲಗ್ ಸಡಿಲವಾಗಿದೆ ಅಂತ ಅರ್ಥ ಮಾಡಿಕೊಂಡು ಬಿಚ್ಚಿ ನೋಡುತ್ತೇನೆ. ನಾಲ್ಕು ಹಾರಾಟಕ್ಕೊಮ್ಮೆ ಚಾರ್ಜ್, ಅದಕ್ಕಿಂತ ಹೆಚ್ಚು ಎಳೆಯುವುದಿಲ್ಲ.

ಉಳಿದ ಕೆಲಸ ಒಂದಿದೆ. ಬಾಲದ ತನಕ ಹೋಗುವ ರಡ್ಡರ್ ಮತ್ತು ಎಲಿವೇಟರ್ ತಂತಿ ಇನ್ನೂ ಹಳೆಯ ತೆಳು ತಂತಿಯೇ, ಒಂದೊಂದೂ 90 ಸೆಂಟಿಮೀಟರ್. ಬೋರ್ಡ್‌ನಲ್ಲಿ 6.35 ಇದ್ದರೂ ರಡ್ಡರ್ ಸರ್ವೊ ಹತ್ತಿರ ಎಷ್ಟಿದೆ ಅಂತ ಇನ್ನೂ ಅಳೆದಿಲ್ಲ. ಮುಂದಿನ ಭಾನುವಾರ ಬಾಲ ಬಿಚ್ಚುತ್ತೇನೆ. 20 ಎಡಬ್ಲ್ಯೂಜಿ ತಂತಿ ಮೂರು ಮೀಟರ್ ತಂದಿಟ್ಟಿದ್ದೇನೆ.